ಖಳನಿಗೊಂದು ಉತ್ತರ ಬೇಕಾಗಿದೆ

ಮೊದಲು ಸಂಗತಿಗಳು.

ಇಲ್ಲಿ ಕೊಲ್ಲಿ ದೇಶದಲ್ಲಿ, ರಿಗ್ಗೈ ಬಡಾವಣೆಯ ಒಂದು ಕಟ್ಟಡದ ನೆಲಮಾಳಿಗೆಯಲ್ಲಿ ಪ್ರತಿ ಶುಕ್ರವಾರ ಮಧ್ಯಾಹ್ನ ನಮ್ಮ ಕನ್ನಡ ಬಳಗ ಸೇರುತ್ತದೆ.

ಮಕ್ಕಳ ಕನ್ನಡ ತರಗತಿ ಮುಗಿದು, ಚಹಾ ಆದ ಮೇಲೆ ಅಲ್ಲಿ ಒಂದು ಗಂಟೆ ಖಾಲಿ ಉಳಿಯುತ್ತದೆ.

ಆ ಗಂಟೆಯನ್ನು ಅನಿಮೆ ತೋರಿಸಲು ಕೊಡಿ ಎಂದು ನಾನು ಕೇಳಿದೆ. ಅನಿಮೆ ಎಂದರೆ ಜಪಾನಿನವರು ಚಿತ್ರ ಬರೆದು ತಯಾರಿಸುವ, ಕಂತು ಕಂತಾಗಿ ಸಾಗುವ ಕಥೆ. ಅದು ಮಕ್ಕಳ ಕಾರ್ಟೂನ್ ಅಲ್ಲ. ಈ ಕೊನೆಯ ವಾಕ್ಯವನ್ನು ಬಳಗದಲ್ಲಿ ಇನ್ನೂ ಯಾರೂ ಒಪ್ಪಿಲ್ಲ.

ಅದೇ ಗಂಟೆಯನ್ನು, ಚೀಲದಿಂದ ಅಂಕಿ ತೆಗೆದು ಕೂಗುವ ಹೌಸಿ ಆಡಲು ಕೊಡಿ ಎಂದು ಮಹಿಳೆಯರ ಗುಂಪೂ ಕೇಳಿತ್ತು.

ನೆಲಮಾಳಿಗೆಯ ಬೀಗದ ಕೈ ಕಾರ್ಯದರ್ಶಿಗಳ ಜೇಬಿನಲ್ಲಿರುತ್ತದೆ. ಅವರು ಕರಾವಳಿಯವರು, ಲೆಕ್ಕಪತ್ರದ ಕೆಲಸದವರು. ಅವರು ಕೊಟ್ಟ ತೀರ್ಪು ಇದು: "ಸ್ವಲ್ಪ ದಿನ ನೋಡುವ. ಹೊಸಬರು ಕೊನೆಯವರೆಗೆ ಕೂತರೆ ಗಂಟೆ ನಿನಗೆ. ನಡುವೆ ಎದ್ದು ಹೋದರೆ ಹೌಸಿಗೆ. ಆಯ್ತಾ ಮಾರಾಯ್ತಿ?"

ನಾನು ಸಿವಿಲ್ ಇಂಜಿನಿಯರಿಂಗ್ ಪದವೀಧರೆ. ತಂದೆಯ ಇಕಾಮಾದ, ಅಂದರೆ ಅವರ ವಾಸದ ಪರವಾನಗಿಯ, ಆಶ್ರಯದಲ್ಲಿ ಈ ದೇಶದಲ್ಲಿದ್ದೇನೆ. ಅದರ ಮೇಲೆ ಸಂಬಳದ ಕೆಲಸ ಮಾಡುವಂತಿಲ್ಲ. ಬಳಗದಲ್ಲಿ ನನ್ನನ್ನು ಪರಿಚಯಿಸುವಾಗ "ಓದಿದ್ದಾಳೆ, ಸದ್ಯಕ್ಕೆ ಮನೆಯಲ್ಲೇ ಇದ್ದಾಳೆ" ಎನ್ನುತ್ತಾರೆ. ಇಡೀ ವಾರದಲ್ಲಿ ನನ್ನ ಮಾತು ನಡೆಯುವ ಗಂಟೆ ಅದೊಂದೇ. ಅದನ್ನು ಒಂದು ಚೀಲ ತುಂಬ ಅಂಕಿಗಳಿಗೆ ಬಿಟ್ಟುಕೊಡುವ ಉದ್ದೇಶ ನನಗಿರಲಿಲ್ಲ.

ಸಂಗತಿಗಳು ಇಷ್ಟೇ. ಉಳಿದದ್ದನ್ನು ಯಾರೂ ಯೋಜಿಸಲಿಲ್ಲ. ಶುಕ್ರವಾರ ಬಂದಂತೆಲ್ಲ ತಾನಾಗಿ ನಡೆಯಿತು, ನಡೆಯುತ್ತಲೇ ಇದೆ.

ಎಲ್ಲಿಂದ ಆರಂಭಿಸಬೇಕು

ಹೊಸಬರಿಗೆ ಮೊದಲು ಯಾವ ಕಥೆಯನ್ನು ತೋರಿಸಬೇಕು ಎಂಬುದು ಅನಿಮೆಯ ಅಭಿಮಾನಿಗಳಲ್ಲಿ ಇಂದಿಗೂ ತೀರದ ವ್ಯಾಜ್ಯ. ನಮ್ಮ ಬಳಗದಲ್ಲಿ ಅಭಿಮಾನಿಗಳೆಂದರೆ ಮೂವರು. ಒಬ್ಬಳು ನಾನು. ಇನ್ನೊಬ್ಬ, ಸಲ್ವಾದ ದಂತ ಚಿಕಿತ್ಸಾಲಯವೊಂದರ ಸ್ವಾಗತದ ಮೇಜಿನಲ್ಲಿ ಕೂರುವ ತುಳು ಮಾತಿನ ಯುವಕ. ಜಪಾನಿ ಧ್ವನಿ, ಮೂಲ ಕ್ರಮ, ಒಂದು ಕ್ಷಣವೂ ಬಿಡದ ವೀಕ್ಷಣೆ, ಇವಿಷ್ಟೇ ಅವನ ಧರ್ಮ. ಅವನನ್ನು ಶುದ್ಧವಾದಿ ಎಂದು ಕರೆಯುತ್ತೇನೆ. ಮೂರನೆಯವರು ಅಹ್ಮದಿಯಲ್ಲಿ ಶಿಫ್ಟ್ ಕೆಲಸ ಮಾಡುವ, ವಿಜಯಪುರದ ಕಡೆಯ ತಂತ್ರಜ್ಞರು. ಅವರ ವಿಷಯ ಮುಂದೆ ಬರುತ್ತದೆ.

ಶುದ್ಧವಾದಿ ಸೂಚಿಸಿದ್ದು ವರ್ಷಗಳಿಂದ ನಡೆಯುತ್ತಿರುವ, ಇನ್ನೂ ಮುಗಿಯದ ಒಂದು ಬೃಹತ್ ಕಥೆಯನ್ನು.

"ಆರಂಭದ ಇನ್ನೂರು ಕಂತು ಸ್ವಲ್ಪ ನಿಧಾನ ಉಂಟು ಸರ್. ಅದೊಂದು ದಾಟಿದರೆ ಮತ್ತೆ ಬಿಡ್ಲಿಕ್ಕೇ ಆಗುವುದಿಲ್ಲ."

ಕಾರ್ಯದರ್ಶಿಗಳು ಕೇಳಿದರು: "ವಾರಕ್ಕೆ ಎಷ್ಟು ಕಂತು?"

"ಒಂದು. ಹೆಚ್ಚು ನೋಡಿದರೆ ರಸ ಹೋಗ್ತದೆ."

ಲೆಕ್ಕದ ಮನುಷ್ಯರು ಕಣ್ಣು ಮುಚ್ಚಿ ತುಟಿಯಾಡಿಸಿದರು. ಆಮೇಲೆ ಬಹಳ ಪ್ರೀತಿಯಿಂದ ಹೇಳಿದರು: "ನೋಡು ಮಗ, ನಿನ್ನ ಕಥೆ ಚಂದ ಆಗುವಾಗ ನನ್ನ ಇಕಾಮಾ ಮುಗಿದಿರ್ತದೆ, ನಾನು ಮುಗಿದಿರ್ತೇನೆ, ನನ್ನ ಶ್ರಾದ್ಧ ಕೂಡ ಸುಮಾರು ಸಲ ಮುಗಿದಿರ್ತದೆ."

ಕೊನೆಗೆ ಆಯ್ಕೆ ಮಾಡಿದವಳು ನಾನೇ. ಸಣ್ಣ ಕಥೆ: ಊರುಗಳನ್ನು ಸುಟ್ಟು ಓಡಾಡುವ ಒಬ್ಬ ಬಂಡುಕೋರ, ಅವನನ್ನು ಕೊಂದು ಬಾ ಎಂದು ಒಡೆಯನು ಕಳುಹಿಸಿದ ಒಬ್ಬ ತರುಣ ಖಡ್ಗಧಾರಿ. ಇದರಲ್ಲಿ ಗೊಂದಲಕ್ಕೆ ಅವಕಾಶವೇ ಇಲ್ಲ ಎಂದು ನಾನು ಸಭೆಗೆ ಭರವಸೆ ಕೊಟ್ಟೆ.

ಒಂದೂವರೆ ಪಟ್ಟು

ಅಹ್ಮದಿಯ ತಂತ್ರಜ್ಞರು ಎಲ್ಲ ಅನಿಮೆಯನ್ನೂ ಒಂದೂವರೆ ಪಟ್ಟು ವೇಗದಲ್ಲಿ ನೋಡುತ್ತಾರೆ. ಮೊದಲ ಶುಕ್ರವಾರ ಅವರದೇ ಲ್ಯಾಪ್‌ಟಾಪ್ ಬಳಸಿದೆವು. ವೇಗವನ್ನು ಇಳಿಸಬೇಕೆಂಬುದು ಅವರಿಗೆ ಹೊಳೆಯಲಿಲ್ಲ. ನಾನು ಹಿಂದೆ ಕುರ್ಚಿ ಜೋಡಿಸುವುದರಲ್ಲಿದ್ದೆ.

ಆ ಕಂತಿನಲ್ಲಿ ನಾಯಕನ ತಾಯಿ ಸಾಯುತ್ತಾಳೆ. ಚಿತೆ ಹೊತ್ತಿ ಆರುವುದು, ಮಗ ಮೊಣಕಾಲೂರಿ ಅಳುವುದು, ಎದ್ದು ಪ್ರತಿಜ್ಞೆ ಮಾಡುವುದು, ಎಲ್ಲವೂ ಲಿಫ್ಟ್ ತಪ್ಪಿಹೋಗುತ್ತದೆ ಎನ್ನುವವರ ಅವಸರದಲ್ಲಿ ನಡೆದುಹೋಯಿತು. ನನ್ನ ತಾಯಿ ಸೆರಗಿನಿಂದ ಕಣ್ಣೊರೆಸಿಕೊಂಡರು.

"ಪಾಪ, ಆ ಮಂದಿಗೆ ಕುಂತು ಅಳಾಕೂ ಪುರಸೊತ್ತಿಲ್ಲ ನೋಡವಾ. ಅದಕ್ಕ ಅವರ ದೇಶ ಅಷ್ಟು ಮುಂದ ಹೋಗೇತಿ."

ನಾನು ತಂತ್ರಜ್ಞರನ್ನು ಬದಿಗೆ ಕರೆದು, ಇದು ಕಲಾಕೃತಿಗೆ ಮಾಡಿದ ಅಪಚಾರ ಎಂದೆ.

"ಶಿಫ್ಟ್ ಡ್ಯೂಟಿ ಮನುಷ್ಯಾ ರೀ ನಾನು," ಎಂದರು ಅವರು, ಕಿಂಚಿತ್ತೂ ಪಶ್ಚಾತ್ತಾಪವಿಲ್ಲದೆ. "ಊಟಾನೂ ಒಂದೂವರೆ, ನಿದ್ದೀನೂ ಒಂದೂವರೆ. ಇದೊಂದನ್ನ ಯಾಕ ಬಿಡೂಣು?"

ಮುಂದಿನ ಶುಕ್ರವಾರ ನಾನೇ ಸರಿಯಾದ ವೇಗಕ್ಕೆ ಇಟ್ಟೆ. ಅದೇ ನಾಯಕ, ಅದೇ ಖಡ್ಗ, ನಿರ್ದೇಶಕನು ಬಯಸಿದ ಗಂಭೀರ ನಡಿಗೆ. ಸ್ವಲ್ಪ ಹೊತ್ತಿನಲ್ಲೇ ನನ್ನ ತಾಯಿ ಪಕ್ಕದವರ ಕಿವಿಯಲ್ಲಿ ಕೇಳಿದ್ದು ಇಡೀ ನೆಲಮಾಳಿಗೆಗೆ ಕೇಳಿಸಿತು:

"ಇವತ್ತ ಆ ಹುಡುಗಗ ಮೈಯಾಗ ಆರಾಮಿಲ್ಲೇನ್ರೀ?"

ಪ್ರಾರಂಭದ ಹಾಡು

ಪ್ರತಿ ಕಂತಿನ ಮೊದಲಿಗೆ ಬರುವ ಹಾಡನ್ನು ನೋಡಬೇಕೇ, ದಾಟಿಸಬೇಕೇ? ಶುದ್ಧವಾದಿಯ ಪ್ರಕಾರ ದಾಟಿಸುವವನು ಮನುಷ್ಯನಲ್ಲ. ತಂತ್ರಜ್ಞರ ಪ್ರಕಾರ ದಾಟಿಸುವ ಗುಂಡಿ ಇರುವುದೇ ಒತ್ತುವುದಕ್ಕೆ. ಈ ವಾದವನ್ನು ನಮ್ಮ ಬಳಗ ಯಾರೂ ಎಣಿಸದ ರೀತಿಯಲ್ಲಿ ಮುಗಿಸಿತು.

ಹಾಡು ಮೊದಲ ಸಲ ಮೊಳಗಿದಾಗ ಕಾರ್ಯದರ್ಶಿಗಳು ಅಂಗಿ ಸರಿಪಡಿಸಿಕೊಂಡು ಎದ್ದು ನಿಂತರು. ಕಾರ್ಯಕ್ರಮದ ಆರಂಭಕ್ಕೆ ಹಾಡು ಬಂದರೆ ಎದ್ದು ನಿಲ್ಲಬೇಕು ಎಂಬುದು ಅವರಿಗೆ ರಕ್ತಗತ. ಅವರು ನಿಂತ ಮೇಲೆ ಮುಂದಿನ ಸಾಲು ನಿಂತಿತು. ಮುಂದಿನ ಸಾಲು ನಿಂತ ಮೇಲೆ ಹಿಂದಿನವರಿಗೆ ಪರದೆ ಕಾಣದೆ ಅವರೂ ನಿಂತರು.

ನಾನು ಹೇಳಿದೆ: "ಸರ್, ಇದು ಅವರ ನಾಡಗೀತೆ ಅಲ್ಲ."

"ಗೊತ್ತಾಯ್ತು, ಗೊತ್ತಾಯ್ತು. ಯಾವುದೋ ಒಂದು ಗೀತೆ. ಬೇರೆ ದೇಶದ್ದು. ಒಂದು ನಿಮಿಷ ನಿಂತರೆ ನಮ್ಮ ಕಾಲೇನು ಸವೆಯುವುದಿಲ್ಲ."

ಮುಂದಿನ ವಾರ ತಂತ್ರಜ್ಞರು ಗುಂಡಿ ಒತ್ತಿ ಹಾಡನ್ನು ದಾಟಿಸಿದರು. ಸಭೆ ಆಗಲೇ ನಿಂತಿತ್ತು. ಹಾಡು ಬರಲಿಲ್ಲ. ಹಾಡಿಲ್ಲದೆ ಕೂರುವುದು ಹೇಗೆಂದು ಯಾರಿಗೂ ತಿಳಿಯಲಿಲ್ಲ. ಕಥೆ ಮುಂದೆ ಓಡುತ್ತಿತ್ತು, ಸಭೆ ನಿಂತೇ ಇತ್ತು. "ಪ್ರಾರ್ಥನೆ ಬಿಟ್ಟು ಕಾರ್ಯಕ್ರಮ ಮಾಡ್ಲಿಕ್ಕುಂಟಾ ಮಾರಾಯ?" ಎಂದು ಕಾರ್ಯದರ್ಶಿಗಳು ಬೇಸರಪಟ್ಟುಕೊಂಡರು. ಅಂದಿನಿಂದ ಆ ಗುಂಡಿಯನ್ನು ಯಾರೂ ಮುಟ್ಟಿಲ್ಲ.

ಕಥೆ ಅರ್ಧಕ್ಕೆ ಬಂದಾಗ, ಅನಿಮೆಗಳಲ್ಲಿ ಸಾಮಾನ್ಯವಾಗಿ ಆಗುವಂತೆ, ಹಾಡು ಬದಲಾಯಿತು. ಬೇರೆ ರಾಗ, ಬೇರೆ ಬಣ್ಣ, ಬೇರೆ ಬಾವುಟಗಳು. ಎಲ್ಲರೂ ಎಂದಿನಂತೆ ನಿಂತಿದ್ದರು. ಹೌಸಿ ಗುಂಪಿನಲ್ಲಿ ಅಂಕಿ ಕೂಗುವ ಅಕ್ಕ ಕೈ ಕಟ್ಟಿಕೊಂಡೇ ನನ್ನತ್ತ ಬಾಗಿ, ನಿಜವಾದ ಕಳವಳದಿಂದ ಕೇಳಿದರು:

"ಎಂತ, ಅಲ್ಲಿ ಸರ್ಕಾರ ಬಿತ್ತಾ?"

ಅಡುಗೆಯ ಕಂತು

ಮುಖ್ಯ ಕಥೆಗೆ ಸಂಬಂಧಿಸದ, ಸಮಯ ತುಂಬಿಸಲೆಂದೇ ಸೇರಿಸುವ ಕಂತುಗಳು ಕೆಲವಿರುತ್ತವೆ. ಯುದ್ಧ ಇರುವುದಿಲ್ಲ, ಎಲ್ಲರೂ ಬಿಸಿನೀರಿನಲ್ಲಿ ಮೀಯುತ್ತಾರೆ, ಏನನ್ನೋ ಬೇಯಿಸಿ ತಿನ್ನುತ್ತಾರೆ. ನಿಜವಾದ ಅಭಿಮಾನಿ ಇವನ್ನು ಬಿಟ್ಟು ಮುಂದೆ ಹೋಗುತ್ತಾನೆ. ಈ ಒಂದು ವಿಷಯದಲ್ಲಿ ನಮ್ಮ ಮೂವರಿಗೂ ಒಮ್ಮತವಿತ್ತು.

ಆದರೂ ಒಮ್ಮೆ ಕಣ್ತಪ್ಪಿನಿಂದ ಅಂಥದೊಂದು ಪರದೆಯ ಮೇಲೆ ಬಂತು. ಸಭೆ ಹಿಂದೆಂದೂ ಇಲ್ಲದಷ್ಟು ನಿಶ್ಶಬ್ದವಾಯಿತು. ಬಾಣಲೆಯಲ್ಲಿ ಈರುಳ್ಳಿ ಬಿದ್ದಾಗ ಯಾರೋ ಉಸಿರೆಳೆದುಕೊಂಡರು. ಅಣಬೆಗೆ ಮೊದಲೇ ಉಪ್ಪು ಹಾಕಬೇಕಿತ್ತು, ಹಾಕಬಾರದಿತ್ತು ಎಂದು ಎರಡು ಪಕ್ಷಗಳಾದವು.

ಮುಂದಿನ ವಾರ ಮತ್ತೆ ಯುದ್ಧ. ಒಂದು ಕೋಟೆ ಕುಸಿಯಿತು, ಒಂದು ಸೈನ್ಯ ನಾಶವಾಯಿತು, ನಾಯಕನ ಗುರು ತನ್ನ ಪ್ರಾಣ ಕೊಟ್ಟು ಶಿಷ್ಯನನ್ನು ಉಳಿಸಿದ. ಹೌಸಿ ಅಕ್ಕ ಗಡಿಯಾರ ನೋಡಿಕೊಂಡರು.

"ಈ ಕಥೆ ಎಲ್ಲ ಮುಗಿದು ಅಡುಗೆ ಶುರುವಾಗುವುದು ಯಾವಾಗ ಮಾರಾಯ್ತಿ?"

ಮುಂಚಿತವಾಗಿ ಹೇಳುವುದು

ಕಥೆಯ ಮುಂದಿನ ಭಾಗವನ್ನು ನೋಡದವರಿಗೆ ಹೇಳಿಬಿಡುವುದು ಅನಿಮೆಯ ಲೋಕದಲ್ಲಿ ಕ್ಷಮೆಯಿಲ್ಲದ ಅಪರಾಧ. ಈ ಕಾನೂನು ತಿಳಿಯದ ಒಬ್ಬರು ನಮ್ಮಲ್ಲಿಗೆ ಬರತೊಡಗಿದರು. ಅವರು ಒಂದು ಹೋಟೆಲಿನ ಮ್ಯಾನೇಜರು, ಉಡುಪಿಯ ಕಡೆಯವರು. ಊರಿನಲ್ಲಿದ್ದಾಗ ತಾಳಮದ್ದಳೆಯಲ್ಲಿ ಅರ್ಥ, ಅಂದರೆ ಪಾತ್ರದ ಮಾತು, ಹೇಳುತ್ತಿದ್ದವರು. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಪಾತ್ರಧಾರಿಗಳು ಎದುರುಬದುರು ಕೂತು, ಬರೆದುಕೊಳ್ಳದೆ, ಮಾತಿನಲ್ಲೇ ಯುದ್ಧ ಮಾಡುತ್ತಾರೆ ಎಂಬುದನ್ನು ಬಯಲುಸೀಮೆಯವರಿಗಾಗಿ ಹೇಳಿರುತ್ತೇನೆ.

ಒಂದು ಶುಕ್ರವಾರ ಅವರು ಮೊಬೈಲಿನಲ್ಲಿ ಇಡೀ ಕಥೆಯ ಸಾರವನ್ನು ಓದಿಕೊಂಡು ಬಂದು, ಕಂತು ಆರಂಭವಾಗುವ ಮೊದಲು ಎದ್ದು ನಿಂತರು. "ಸಭಾಸದರಿಗೆ ವಂದನೆ," ಎಂದರು. ಬಳಿಕ ಯಾರು ಯಾರ ಮಗ, ಯಾರು ದ್ರೋಹ ಮಾಡುತ್ತಾನೆ, ಯಾರು ಯಾವ ಸೇತುವೆಯ ಮೇಲೆ ಸಾಯುತ್ತಾನೆ ಎಂಬುದನ್ನೆಲ್ಲ ಅಚ್ಚುಕಟ್ಟಾಗಿ ನಿವೇದಿಸಿ ಕೂತರು. ಬಳಗ ಚಪ್ಪಾಳೆ ತಟ್ಟಿತು. ಶುದ್ಧವಾದಿಯ ಕೈಯಲ್ಲಿದ್ದ ಸಮೋಸಾ ಕೆಳಗೆ ಬಿತ್ತು.

"ಎಲ್ಲ ಹಾಳು ಮಾಡಿದಿರಲ್ಲ ಅಣ್ಣ!"

ಮ್ಯಾನೇಜರಿಗೆ ನಿಜಕ್ಕೂ ಅರ್ಥವಾಗಲಿಲ್ಲ. "ಎಂತ ಹಾಳು? ಚಕ್ರವ್ಯೂಹಕ್ಕೆ ಹೋದವ ತಿರುಗಿ ಬರುವುದಿಲ್ಲ ಅಂತ ಗೊತ್ತಿದ್ದೇ ಅಲ್ವಾ ನಮ್ಮಜ್ಜ ಬೆಳಿಗ್ಗೆವರೆಗೆ ಕೂತದ್ದು? ಕಥೆ ಗೊತ್ತಿಲ್ಲದವ ಬಂದು ಎಂತ ನೋಡುವುದು, ಲೈಟಾ?"

ಶುದ್ಧವಾದಿ ಹಲವು ವಾರ ಅವರೊಂದಿಗೆ ಮಾತು ಬಿಟ್ಟ. ಮ್ಯಾನೇಜರು ಒಮ್ಮೆ ಹಲ್ಲುನೋವೆಂದು ಸಲ್ವಾದ ಚಿಕಿತ್ಸಾಲಯಕ್ಕೆ ಹೋದಾಗ, ಸ್ವಾಗತದ ಮೇಜಿನಿಂದ ಇವನು ಸೇಡು ತೀರಿಸಿಕೊಂಡ: "ಒಳಗೆ ಏನಾಗ್ತದೆ ಅಂತ ಈಗಲೇ ಹೇಳ್ತೇನೆ ಅಣ್ಣ. ಎರಡು ಹಲ್ಲು ಸಾಯ್ತದೆ."

ಉತ್ತರ

ಅನಿಮೆಯನ್ನು ಜಪಾನಿ ಧ್ವನಿಯಲ್ಲಿ, ಇಂಗ್ಲಿಷ್ ಅಡಿಬರಹ ಓದುತ್ತ ನೋಡಬೇಕೇ, ಇಂಗ್ಲಿಷ್ ಧ್ವನಿ ಕೂಡಿಸಿದ್ದನ್ನೇ ನೋಡಬೇಕೇ? ಇದು ಎಲ್ಲ ವಾದಗಳಿಗೂ ತಾಯಿ. ಕನ್ನಡಕ ಸಿಗುವಷ್ಟರಲ್ಲಿ ಅಡಿಬರಹ ಹೋಗಿರುತ್ತದೆ ಎಂದು ಹಿರಿಯರು ದೂರಿದರು. ಇಂಗ್ಲಿಷ್ ಧ್ವನಿ ಎಂದರೆ ತಂಬುಳಿಗೆ ಕೆಚಪ್ ಸುರಿದ ಹಾಗೆ ಎಂದು ಶುದ್ಧವಾದಿ ತಡೆದ. ಈ ನಡುವೆ ಒಬ್ಬೊಬ್ಬರಾಗಿ ಎದ್ದು ಹೋಗುವವರು ಕಾಣಿಸಿಕೊಂಡರು. ಹೌಸಿ ಅಕ್ಕ ಅಂಕಿಯ ಚೀಲವನ್ನು ಮನೆಯಿಂದ ತಂದು ತೊಡೆಯ ಮೇಲೆ ಇಟ್ಟುಕೊಂಡು ಕೂರತೊಡಗಿದರು. ಕಾರ್ಯದರ್ಶಿಗಳು ನನ್ನನ್ನು ಕರೆದು, "ಇವತ್ತು ಸಭೆ ಕೊನೆವರೆಗೆ ಕೂರದಿದ್ದರೆ ಖಲಾಸ್, ಆಯ್ತಾ?" ಎಂದರು.

ಅಂದಿನದು ನಾಯಕನೂ ಖಳನೂ ಎದುರಾಗುವ ಕಂತು. ಮ್ಯಾನೇಜರು ಕೈ ಎತ್ತಿದರು.

"ಧ್ವನಿ ನಿಲ್ಲಿಸು. ಚಿತ್ರ ಅದರಷ್ಟಕ್ಕೆ ಓಡ್ಲಿ. ಅರ್ಥ ನಾವು ಹೇಳುವ, ಕನ್ನಡದಲ್ಲಿ. ಖಳ ನನಗಿರಲಿ. ನಾಯಕನಿಗೆ ಮಾತಾಡ್ಲಿಕ್ಕೆ ಎಂತ ಉಂಟು?"

ಬೇರೆ ದಾರಿಯಿಲ್ಲದ್ದರಿಂದ ಒಪ್ಪಿದೆ. ನಾಯಕನ ಪಾತ್ರಕ್ಕೆ ಅಹ್ಮದಿಯ ತಂತ್ರಜ್ಞರು ಬಂದು ಕೂತರು. ಶುದ್ಧವಾದಿ ಮೂಲೆಯಲ್ಲಿ, ಕಿವಿಗೆ ಇಯರ್‌ಫೋನ್ ಚುಚ್ಚಿಕೊಂಡು, ತನ್ನ ಮೊಬೈಲಿನಲ್ಲಿ ಜಪಾನಿಯನ್ನೇ ಕೇಳುತ್ತ ಕೂತ.

ಪರದೆಯಲ್ಲಿ ನಾಯಕನು ಖಡ್ಗ ಹಿರಿದ. ತಂತ್ರಜ್ಞರು ಅಡಿಬರಹ ನೋಡಿಕೊಂಡು ಹೇಳಿದರು: "ಊರು ಸುಟ್ಟಾಂವ ನೀ. ನಿನ್ನ ಬಿಡಾಂಗಿಲ್ಲ."

ಮ್ಯಾನೇಜರು ಶಾಲು ಕೊಡವಿದರು. "ಸುಟ್ಟವನು ನಾನು, ಒಪ್ಪಿದೆ. ಆದರೆ ತರುಣನೇ, ನನ್ನನ್ನು ಕೊಲ್ಲಬೇಕೆಂಬುದು ನಿನ್ನ ಇಚ್ಛೆಯೋ, ನಿನ್ನ ಒಡೆಯನ ಅಪ್ಪಣೆಯೋ?"

ಅಡಿಬರಹದಲ್ಲಿ ಇದಕ್ಕೆ ಉತ್ತರವಿರಲಿಲ್ಲ. "ಒಡೆಯಂದ ರೀ."

"ಒಡೆಯನ ಅಪ್ಪಣೆ! ಅಂದರೆ ನಿನಗೊಬ್ಬ ಕಫೀಲ್ ಇದ್ದಾನೆ."

ಸಭೆಯಲ್ಲಿ ಅಲೆಯೊಂದು ಎದ್ದಿತು. ಕಫೀಲ್ ಎಂದರೆ ಇಲ್ಲಿ ನಮ್ಮ ಇರುವಿಕೆಗೆ ಹೊಣೆಯಾಗಿ ಸಹಿ ಮಾಡಿದವನು. ಅವನ ಒಪ್ಪಿಗೆಯ ನೆರಳಿನಲ್ಲೇ ನಾವೆಲ್ಲ ಇರುವುದು. ಆ ನೆಲಮಾಳಿಗೆಯಲ್ಲಿ ಕಫೀಲ್ ಇಲ್ಲದವರು ಯಾರೂ ಇರಲಿಲ್ಲ.

"ಕೈಯಲ್ಲಿರುವ ಈ ಖಡ್ಗ ಯಾರದು?"

"ಅವರ್ದ."

"ಮೈಮೇಲಿನ ಈ ಕವಚ?"

"ಕಂಪನೀದು."

"ನಾಳೆ ಅಜ್ಜಿಗೆ ಹುಷಾರಿಲ್ಲವೆಂದು ಊರಿಗೆ ಹೊರಟರೆ, ಬಿಡುವನೇ ನಿನ್ನ ಒಡೆಯ?"

ತಂತ್ರಜ್ಞರು ತಡವರಿಸಿದರು. "ಕೇಳಿ ನೋಡಬೇಕ್ರಿ."

"ಕೇಳಿ ನೋಡಬೇಕು! ನನಗೆ ಕೇಳಬೇಕಾದ ಕಫೀಲ್ ಇಲ್ಲ. ಹೇಳು, ನಮ್ಮಿಬ್ಬರಲ್ಲಿ ವೀರನು ಯಾರು?"

ಅಷ್ಟರಲ್ಲಿ ಪರದೆಯಲ್ಲಿ ನಾಯಕನು ಖಳನನ್ನು ಎರಡು ತುಂಡು ಮಾಡಿ ಮುಗಿಸಿದ್ದ. ಸಭೆ ನಾಯಕನಿಗೆ ಛೀ ಎಂದಿತು. ಮ್ಯಾನೇಜರು ನಿಲ್ಲಿಸಲಿಲ್ಲ.

"ದೇಹ ಬಿದ್ದಿತು. ಪ್ರಶ್ನೆ ಬಿದ್ದಿತೇ?"

"ಏ, ಸತ್ತೀರ್ರೀ ನೀವು! ಸುಮ್ಮ ಮಲಕೋರಿ!"

"ಸತ್ತವನಿಗೇ ಉತ್ತರ ಕೊಡಲಾರದವನು ಬದುಕಿದ್ದವನಿಗೆ ಏನು ಕೊಡುತ್ತಿದ್ದೆ?"

ತಂತ್ರಜ್ಞರು "ಅವರು ಹೇಳೂದು ಖರೇ ಐತಿ ಬಿಡ್ರಿ," ಎಂದು ಮೈಕು ಕೆಳಗಿಟ್ಟು, ಎಲ್ಲರಿಗಿಂತ ಮೊದಲು ತಾವೇ ಚಪ್ಪಾಳೆ ತಟ್ಟಿದರು.

ಯಾರೊಬ್ಬರೂ ಎದ್ದು ಹೋಗಿರಲಿಲ್ಲ. ಕಾರ್ಯದರ್ಶಿಗಳು ಘೋಷಿಸಿದರು: "ಗಂಟೆ ನಿನ್ನದೇ. ಆದರೆ ನಾಯಕ ಉತ್ತರ ಕೊಡದೆ ಮುಂದಿನ ಕಂತಿಗೆ ಹೋಗುವ ಹಾಗಿಲ್ಲ. ಪ್ರಶ್ನೆ ಬಾಕಿ ಇಟ್ಟು ಪ್ರಸಂಗ ಮುಂದೆ ಹೋಗುವ ಕ್ರಮ ಇಲ್ಲ. ಸಭೆಗೆ ಬೇಜಾರು ಬಂದ ದಿನ ಹೌಸಿ."

ಮುಂದಿನ ಶುಕ್ರವಾರ ಅದೇ ಕಂತು. ನಾಯಕನಾಗಿ ಶುದ್ಧವಾದಿ ಬಂದ. ವರ್ಷಗಟ್ಟಲೆ ಕೇಳಿ ಕಂಠಪಾಠವಾದ ಜಪಾನಿ ಮಾತುಗಳನ್ನು ಗುಡುಗಿದ. ಮ್ಯಾನೇಜರು ಕಣ್ಣು ಮುಚ್ಚಿ ಪೂರ್ತಿ ಕೇಳಿದರು.

"ಸ್ವರ ಬಹಳ ಚಂದ. ಇಷ್ಟು ಚೆನ್ನಾಗಿ ಮಾತಾಡುವವನು ನಿನ್ನ ಒಡೆಯನೆದುರು ಹೀಗೇ ಮಾತಾಡುತ್ತೀಯೋ?"

ಶುದ್ಧವಾದಿ ಕನ್ನಡಕ್ಕಿಳಿದ: "ಡಾಕ್ಟ್ರ ಹತ್ರ ಎಲ್ಲ ಹೀಗೆ ಮಾತಾಡ್ಲಿಕ್ಕಾಗುವುದಿಲ್ಲ ಅಣ್ಣ."

ಅದರ ಮುಂದಿನ ವಾರ ನಾನೇ ಕೂತೆ. ವಾರವಿಡೀ ಸಿದ್ಧತೆ ಮಾಡಿದ್ದೆ. ಕೋಪವನ್ನು ಕ್ರಮವಾಗಿ ಜೋಡಿಸಿದರೆ ಅದಕ್ಕೆ ವಾದವೆಂಬ ಹೆಸರು ಬರುತ್ತದೆ ಎಂಬುದು ನನ್ನ ನಂಬಿಕೆ. ಊರು ಸುಡುವುದು ಸ್ವಾತಂತ್ರ್ಯವಲ್ಲ ಎಂದೆ. ಒಡೆಯನಿದ್ದಾನೆಂಬ ಮಾತ್ರಕ್ಕೆ ಸರಿಯಾದ ಕೆಲಸ ತಪ್ಪಾಗುವುದಿಲ್ಲ ಎಂದೆ. ಯಾರಿಗೂ ಉತ್ತರ ಹೇಳಬೇಕಾಗಿಲ್ಲದವನು ಸ್ವತಂತ್ರನಲ್ಲ, ಬರೀ ಒಂಟಿ ಎಂದೆ. ಹೌಸಿ ಅಕ್ಕನ ತೊಡೆಯ ಮೇಲಿನ ಚೀಲ ನಿಧಾನವಾಗಿ ನೆಲಕ್ಕಿಳಿಯಿತು. ಮ್ಯಾನೇಜರು ಮೊದಲ ಬಾರಿಗೆ ತಲೆ ತಗ್ಗಿಸಿದರು.

ಆಮೇಲೆ ಬಹಳ ಮೆಲ್ಲಗೆ ಕೇಳಿದರು: "ಸೊಗಸಾದ ಮಾತು. ಸತ್ತವನಿಗೆ ಒಂದೇ ಸಂದೇಹ. ಇಷ್ಟನ್ನೂ ಹೇಳಲು ನಿನಗೆ ಯಾರ ಅಪ್ಪಣೆಯೂ ಬೇಕಾಗಲಿಲ್ಲವಷ್ಟೆ?"

ಬೇಕಾಗಲಿಲ್ಲ ಎನ್ನಲು ನಾನು ಉಸಿರೆಳೆದುಕೊಂಡೆ. ಆ ಉಸಿರನ್ನು ನನ್ನ ತಂದೆ ಅಂಜಿಕೆ ಎಂದು ತಿಳಿದರು. ಸಭೆಯ ನಡುವಿನಿಂದ ಎದ್ದು ನಿಂತು, ಮಗಳ ಮೇಲಿನ ಸಮಸ್ತ ವಾತ್ಸಲ್ಯವನ್ನೂ ಕಂಠಕ್ಕೆ ತಂದುಕೊಂಡು ಕೂಗಿದರು:

"ಹೇಳವಾ, ಹೆದರಬ್ಯಾಡ! ನಾ ಪರ್ಮಿಷನ್ ಕೊಟ್ಟೇನಿ!"

ಮ್ಯಾನೇಜರು ಎದ್ದು, ನನ್ನ ತಂದೆಗೆ ಕೈ ಮುಗಿದು, ಕೂತರು. ನಕ್ಕು ನಕ್ಕು ಸಭೆ ಸುಧಾರಿಸಿಕೊಳ್ಳಲು ಬಹಳ ಹೊತ್ತು ಹಿಡಿಯಿತು. ಕಾರ್ಯದರ್ಶಿಗಳಿಗೆ ನೀರು ಕೊಡಬೇಕಾಯಿತು. ನನ್ನ ತಂದೆ ಮಾತ್ರ ಮನೆ ತಲುಪುವವರೆಗೂ ಕೇಳುತ್ತಿದ್ದರು: "ನಗೂದೇನು ಅದರಾಗ? ಕೊಟ್ಟಿದ್ದೆ ಹೌದಲ್ಲೋ?"

ಕಥೆ ಅಲ್ಲಿಂದ ಮುಂದೆ ಹೋಗಿಲ್ಲ. ಖಳನು ವಾರವಾರವೂ ಸಾಯುತ್ತಾನೆ, ವಾರವಾರವೂ ಗೆಲ್ಲುತ್ತಾನೆ, ಮತ್ತು ಸಭೆಗೆ ಬೇಜಾರು ಬರುವ ದಿನ ದೂರವಿಲ್ಲ. ಆದ್ದರಿಂದ ಓದಿದವರಲ್ಲಿ ವಿನಂತಿ: ಅಬ್ಬಾಸಿಯಾ, ಸಾಲ್ಮಿಯಾ, ಫಹಾಹೀಲ್, ಎಲ್ಲೇ ಇರಲಿ, ನಿಮಗೆ ಗೊತ್ತಿರುವ ಕನ್ನಡದ ಗುಂಪುಗಳಿಗೆಲ್ಲ ಇದನ್ನು ಕಳುಹಿಸಿ, ಅವರೂ ಮುಂದಕ್ಕೆ ಕಳುಹಿಸಲಿ. ಶುಕ್ರವಾರ ಮಧ್ಯಾಹ್ನ ಬಿಡುವಿರುವ, ಮಾತು ಬಲ್ಲ ಒಬ್ಬ ನಾಯಕ ಬೇಕಾಗಿದ್ದಾನೆ. ಅನಿಮೆ ತಿಳಿದಿರಬೇಕೆಂದೇನೂ ಇಲ್ಲ. ಕಫೀಲ್ ಇಲ್ಲದವರಿಗೆ ಆದ್ಯತೆ.